ಹೊಸ ಇಂಡೀ, ಪಂಕ್ ಆಲ್ಬಂ ಹುಡುಕುವುದು, ಕೇಳುವುದು, ತೂಗಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಡೀ ಅಂದರೆ ಸಂಗೀತದ ಒಂದು ಶೈಲಿಯಾ?

ಶುರುವಿನಲ್ಲಿ ಹಾಗಿರಲಿಲ್ಲ. ದೊಡ್ಡ ರೆಕಾರ್ಡ್ ಕಂಪನಿಗಳ ಹಣವಾಗಲಿ, ಅವರ ಮಾರಾಟದ ಜಾಲವಾಗಲಿ ಇಲ್ಲದೆ ತಾವೇ ರೆಕಾರ್ಡ್ ಹೊರತರುವವರನ್ನು ಇಂಡಿಪೆಂಡೆಂಟ್ ಅನ್ನುತ್ತಿದ್ದರು. ಅದೇ ಬಾಯಲ್ಲಿ ಸವೆದು ಇಂಡೀ ಆಯಿತು. ಬ್ರಿಟನ್ನಿನಲ್ಲಿ 1980ರ ಜನವರಿಯಲ್ಲಿ ಇಂಡೀ ಚಾರ್ಟ್ (ಹೆಚ್ಚು ಮಾರಾಟವಾದ ಇಂಡೀ ರೆಕಾರ್ಡ್‌ಗಳ ಪಟ್ಟಿ) ಶುರುವಾದಾಗ ಸಂಗೀತ ಎಂಥದ್ದು ಅಂತ ಯಾರೂ ಕೇಳಲಿಲ್ಲ. ರೆಕಾರ್ಡ್ ಯಾವ ದಾರಿಯಲ್ಲಿ ಅಂಗಡಿಗೆ ಬಂತು ಅನ್ನುವುದಷ್ಟೇ ಲೆಕ್ಕ. ಹಾಗಾಗಿ 80ರ ದಶಕದ ಕೊನೆಯಲ್ಲಿ ಗಾಯಕಿ ಕೈಲಿ ಮಿನೋಗ್ ಅವರ ಡ್ಯಾನ್ಸ್ ಪಾಪ್ ಕೂಡ ಆ ಚಾರ್ಟಿನಲ್ಲಿ ಇತ್ತು. 1986ರಲ್ಲಿ ಎನ್‌ಎಂಇ ಅನ್ನುವ ಬ್ರಿಟಿಷ್ ಸಂಗೀತ ಪತ್ರಿಕೆ 22 ಬ್ಯಾಂಡ್‌ಗಳ ಹಾಡು ಸೇರಿಸಿ ಸಿ86 ಅನ್ನುವ ಕ್ಯಾಸೆಟ್ ತಂದಿತು. ಅದಾದ ಮೇಲೆ ತೆಳುವಾಗಿ ಝಣಗುಟ್ಟುವ ಗಿಟಾರ್, ನಾಚಿಕೆಯ ದನಿ, ಇದೇ ಇಂಡೀ ಅನ್ನುವ ಭಾವನೆ ಜನರಲ್ಲಿ ಕೂತುಬಿಟ್ಟಿತು.

ನನಗೆ ಈಗಲೂ ಹಳೆಯ ಅರ್ಥವೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಯಾರು ಮಾಡಿದರು, ಯಾರ ಜೊತೆ ಸೇರಿ ಮಾಡಿದರು, ಎಲ್ಲಿ ಮಾಡಿದರು ಅಂತ ಅದು ಕೇಳುತ್ತದೆ. ಹೊಸ ಆಲ್ಬಂ ಹುಡುಕುವವರಿಗೆ ಬೇಕಾದ್ದೂ ಅದೇ ಪ್ರಶ್ನೆಗಳು.

ಪಂಕ್‌ಗೂ ಇದಕ್ಕೂ ಏನು ನಂಟು?

ಪಂಕ್ ಅಂದರೆ ವೇಗದ, ಒರಟು ರಾಕ್ ಸಂಗೀತ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಅನ್ನುವ ಪಂಕ್ ಬ್ಯಾಂಡಿನ ಹುಡುಗರು ಗೆಳೆಯರು ಮತ್ತು ಮನೆಯವರ ಹತ್ತಿರ ಸಾಲ ತೆಗೆದುಕೊಂಡು, 1976ರ ಡಿಸೆಂಬರ್ ಕೊನೆಯಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಮುಂದಿನ ತಿಂಗಳೇ ಅದನ್ನು ತಮ್ಮದೇ ಲೇಬಲ್ಲಿನಲ್ಲಿ, ಅಂದರೆ ರೆಕಾರ್ಡ್ ಹೊರತರುವ ತಮ್ಮದೇ ಸಂಸ್ಥೆಯ ಹೆಸರಿನಲ್ಲಿ, ತಂದರು. ಮೊದಲು ಒತ್ತಿಸಿದ್ದು 1,000 ಪ್ರತಿ. ಅವು ಬೇಗ ಖಾಲಿಯಾಗಿ, ಮತ್ತೆ ಮತ್ತೆ ಒತ್ತಿಸಬೇಕಾಯಿತು. ಆ ಕವರಿನ ಹಿಂಬದಿಯಲ್ಲಿ ಪ್ರತಿ ಹಾಡಿಗೂ ಎಷ್ಟನೇ ಟೇಕ್ (ಎಷ್ಟನೇ ಸಲ ನುಡಿಸಿದ್ದು), ಮೇಲೆ ಎಷ್ಟು ಪದರ ಸೇರಿಸಿದ್ದೇವೆ ಅಂತ ಬರೆದಿದ್ದರು. 1978ರಲ್ಲಿ ಸ್ಕ್ರಿಟ್ಟಿ ಪೊಲಿಟ್ಟಿ ಅನ್ನುವ ಇನ್ನೊಂದು ಬ್ಯಾಂಡ್ ರೆಕಾರ್ಡ್ ತರಲು ಎಷ್ಟು ಖರ್ಚಾಯಿತು ಅನ್ನುವ ಲೆಕ್ಕವನ್ನೇ ಕವರಿನ ಮೇಲೆ ಅಚ್ಚು ಹಾಕಿಸಿತು. ಇದನ್ನು ನೀವೂ ಮಾಡಬಹುದು ಅಂತ ಕೇಳುಗರಿಗೆ ಹೇಳಿದ ಹಾಗೆ. ಇಂಡೀ ಲೇಬಲ್‌ಗಳು ಪಂಕ್‌ಗಿಂತ ಮೊದಲೂ ಇದ್ದವು. ಆದರೆ ಯಾರು ಬೇಕಾದರೂ ಲೇಬಲ್ ಶುರು ಮಾಡಬಹುದು ಅನ್ನುವ ಧೈರ್ಯ ಹಬ್ಬಿದ್ದು ಇಲ್ಲಿಂದ.

ಹೊಸ ಆಲ್ಬಂ ಹುಡುಕಲು ಎಲ್ಲಿಂದ ಶುರು ಮಾಡಲಿ?

ನಿಮಗೆ ಈಗಾಗಲೇ ತುಂಬ ಇಷ್ಟವಾದ ಒಂದು ಆಲ್ಬಂನಿಂದ. ಅದರ ಕವರಿನ ಹಿಂದೆ, ಒಳಗಿನ ಹಾಳೆಯಲ್ಲಿ, ಅಥವಾ ಬ್ಯಾಂಡ್‌ಗಳು ತಮ್ಮ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದಷ್ಟು ಹೆಸರು ಇರುತ್ತವೆ. ಅವನ್ನು ಓದಿ. ನನಗೆ ಸಿಕ್ಕ ಒಳ್ಳೆಯ ಆಲ್ಬಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಸಣ್ಣ ಅಕ್ಷರಗಳಿಂದಲೇ ಬಂದವು.

ಒಂದು ಉದಾಹರಣೆ. ನಿರ್ವಾಣ ಬ್ಯಾಂಡಿನ ಮೊದಲ ಆಲ್ಬಂ ಬ್ಲೀಚ್ ಬಂದದ್ದು 1989ರಲ್ಲಿ. ರೆಕಾರ್ಡಿಂಗಿಗೆ ಆದ ಖರ್ಚು 606 ಡಾಲರ್ 17 ಸೆಂಟ್. ಅದನ್ನು ರೆಕಾರ್ಡ್ ಮಾಡಿದವರ ಹೆಸರು ಹಿಂಬದಿಯಲ್ಲೇ ಇದೆ: ಜ್ಯಾಕ್ ಎಂಡಿನೋ. ಆ ಹೆಸರನ್ನು ಹಿಡಿದು ಹೊರಡಿ. ಮಡ್‌ಹನಿ ಬ್ಯಾಂಡ್ ಸಿಗುತ್ತದೆ, ಸೌಂಡ್‌ಗಾರ್ಡನ್ನಿನ ಮೊದಲ ಇ.ಪಿ. (ಆಲ್ಬಂಗಿಂತ ಚಿಕ್ಕ ರೆಕಾರ್ಡ್) ಸಿಗುತ್ತದೆ, ಗ್ರೀನ್ ರಿವರ್ ಸಿಗುತ್ತದೆ. ಎಲ್ಲವೂ ಸಿಯಾಟಲ್, ಎಲ್ಲವೂ ಸಬ್ ಪಾಪ್ ಲೇಬಲ್. ಒಂದು ಹೆಸರಿನಿಂದ ಒಂದು ಊರಿನ ಸದ್ದೇ ಕಿವಿಗೆ ಬಿತ್ತು, ಅಲ್ವಾ?

ಲೇಬಲ್ ಇನ್ನೊಂದು ದಾರಿ. ಒಳ್ಳೆಯ ಸಣ್ಣ ಲೇಬಲ್ಲಿಗೆ ಒಂದು ಸ್ವಭಾವ ಇರುತ್ತದೆ. ವಾಷಿಂಗ್ಟನ್ ಡಿ.ಸಿ.ಯ ಡಿಸ್‌ಕಾರ್ಡ್ 1980ರಲ್ಲಿ ಶುರುವಾಯಿತು. ಅದು ತನ್ನ ಊರಿನ ಬ್ಯಾಂಡ್‌ಗಳಿಗೆಂದೇ ಇರುವ ಲೇಬಲ್. ಮೈನರ್ ಥ್ರೆಟ್‌ನಿಂದ ರೈಟ್ಸ್ ಆಫ್ ಸ್ಪ್ರಿಂಗ್, ಅಲ್ಲಿಂದ ಫುಗಾಜಿ ಅಂತ ಕೇಳುತ್ತಾ ಹೋದರೆ ಒಂದೇ ಗೆಳೆಯರ ಬಳಗ ಬೆಳೆಯುತ್ತಾ ಹೋದದ್ದು ಕಿವಿಗೆ ತಿಳಿಯುತ್ತದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 1981ರಲ್ಲಿ ಹುಟ್ಟಿದ ಫ್ಲೈಯಿಂಗ್ ನನ್ ಲೇಬಲ್ ಕೂಡ ಹಾಗೆಯೇ. ಇವತ್ತಿನ ಹೊಸ ಲೇಬಲ್‌ಗಳಿಗೂ ಇದೇ ಮಾತು ಸಲ್ಲುತ್ತದೆ. ಒಂದು ಲೇಬಲ್ಲಿನ ಎರಡು ಆಲ್ಬಂ ನಿಮಗೆ ಹಿಡಿಸಿದರೆ, ಮೂರನೆಯದನ್ನು ಹೆಸರು ನೋಡದೆ ಕೇಳಿ.

ಮೂರನೆಯ ದಾರಿ ಧನ್ಯವಾದಗಳ ಪಟ್ಟಿ. ಬ್ಯಾಂಡ್‌ನವರು ಯಾರಿಗೆ ಥ್ಯಾಂಕ್ಸ್ ಹೇಳಿದ್ದಾರೆ? ಅವರಲ್ಲಿ ಅರ್ಧ ಜನ ಬೇರೆ ಬ್ಯಾಂಡಿನವರೇ ಆಗಿರುತ್ತಾರೆ. ಜೊತೆಯಲ್ಲಿ ಪ್ರವಾಸ ಮಾಡಿದವರು, ಮಲಗಲು ಜಾಗ ಕೊಟ್ಟವರು, ಆಂಪ್ಲಿಫೈಯರ್ ಎರವಲು ಕೊಟ್ಟವರು. ಬ್ಯಾಂಡ್‌ಗೆ ಯಾವ ಬ್ಯಾಂಡ್ ಇಷ್ಟ ಅನ್ನುವುದು ಅಲ್ಲಿ ಸುಮ್ನೆ ಬಿದ್ದಿರುತ್ತದೆ. ಯಾರೂ ಓದುವುದಿಲ್ಲ.

ಡ್ರಮ್ಸ್ ನುಡಿಸುವವರ ಮೇಲೂ ಒಂದು ಕಣ್ಣಿಡಿ. ಸಣ್ಣ ಊರುಗಳಲ್ಲಿ ಗಿಟಾರ್ ನುಡಿಸುವವರು ಬೇಕಾದಷ್ಟು ಸಿಗುತ್ತಾರೆ. ಒಳ್ಳೆಯ ಡ್ರಮ್ಸ್ ಕೈ ಸಿಗುವುದು ಕಷ್ಟ. ಹಾಗಾಗಿ ಒಬ್ಬರೇ ಮೂರು ನಾಲ್ಕು ಬ್ಯಾಂಡಿನಲ್ಲಿ ಇರುತ್ತಾರೆ.

ಆ್ಯಪ್ ತಾನೇ ಸೂಚಿಸುತ್ತದಲ್ಲ, ಅದು ಸಾಲದೇ?

ಸ್ವಲ್ಪ ಮಟ್ಟಿಗೆ ಸಾಕು. ಆದರೆ ನಿಮ್ಮ ಹಾಗೆ ಕೇಳುವವರು ಇನ್ನೇನು ಕೇಳಿದರು ಅನ್ನುವುದನ್ನು ಅದು ಹೆಚ್ಚಾಗಿ ನೋಡುತ್ತದೆ. ಆದ್ದರಿಂದ ನಿನ್ನೆ ತಾನೇ ಹೊರಬಂದ, ಇನ್ನೂ ಯಾರೂ ಕೇಳದ ಆಲ್ಬಂ ಅದರ ಕಣ್ಣಿಗೆ ಬೀಳುವುದು ನಿಧಾನ. ಮತ್ತೆ ಅದು ಹಾಡು ಕೊಡುತ್ತದೆ, ಆಲ್ಬಂ ಕೊಡುವುದಿಲ್ಲ.

ಒಬ್ಬ ಮನುಷ್ಯನ ಕಿವಿಯನ್ನು ನಂಬಿ ನೋಡಿ. ಬಿಬಿಸಿ ರೇಡಿಯೋ 1ರಲ್ಲಿ 1967ರಿಂದ 2004ರಲ್ಲಿ ತೀರಿಕೊಳ್ಳುವ ತನಕ ಜಾನ್ ಪೀಲ್ ಮಾಡಿದ್ದು ಇದೇ ಕೆಲಸ. 1978ರಲ್ಲಿ ಉತ್ತರ ಐರ್ಲೆಂಡಿನ ಅಂಡರ್‌ಟೋನ್ಸ್ ಬ್ಯಾಂಡಿನ ಮೊದಲ ರೆಕಾರ್ಡ್ ಕೈಗೆ ಬಂದಾಗ, ಅದರ ಒಂದು ಹಾಡನ್ನು ಅವರು ಒಂದರ ಹಿಂದೆ ಒಂದು ಎರಡು ಸಲ ಹಾಕಿದರು. ಸ್ವಲ್ಪ ದಿನದಲ್ಲೇ ಬ್ಯಾಂಡಿಗೆ ದೊಡ್ಡ ಅವಕಾಶ ಬಂತು. ಯಾವ ಲೆಕ್ಕಾಚಾರವೂ ಹಾಗೆ ಖುಷಿಯಿಂದ ಎದ್ದು ಕೂರುವುದಿಲ್ಲ. ಇವತ್ತೂ ಕಾಲೇಜು ರೇಡಿಯೋ, ಸಮುದಾಯ ರೇಡಿಯೋ ನಡೆಸುವವರು, ಝೈನ್ (ಅಭಿಮಾನಿಗಳು ತಾವೇ ತರುವ ಪುಟ್ಟ ಪತ್ರಿಕೆ) ಬರೆಯುವವರು, ಪುಟ್ಟ ಅಂಗಡಿ ನಡೆಸುವವರು ಇದ್ದಾರೆ. ಅವರಲ್ಲಿ ಇಬ್ಬರು ಮೂವರನ್ನು ಆರಿಸಿಕೊಳ್ಳಿ. ಅವರ ಅಭಿರುಚಿ ನಿಮ್ಮದರ ತದ್ರೂಪ ಆಗಬೇಕಿಲ್ಲ. ಎಲ್ಲಿ ನಿಮ್ಮಿಂದ ಬೇರೆ ಅಂತ ಗೊತ್ತಿದ್ದರೆ ಸಾಕು.

ಎಷ್ಟು ಸಲ ಕೇಳಿದ ಮೇಲೆ ತೀರ್ಮಾನ ಮಾಡಬೇಕು?

ಕಡಿಮೆ ಅಂದರೆ ಮೂರು ಸಲ, ಪೂರ್ತಿಯಾಗಿ, ಮೊದಲ ಹಾಡಿನಿಂದ ಕೊನೆಯ ತನಕ. ಷಫಲ್ (ಹಾಡುಗಳ ಕ್ರಮ ಕಲಸಿ ಕೇಳುವುದು) ಬೇಡ.

ಮೊದಲ ಸಲ ಸುಮ್ಮನೆ ಬಿಡಿ. ನಡೆಯುತ್ತಾ ಇರಿ, ಮನೆ ಕೆಲಸ ಮಾಡುತ್ತಾ ಇರಿ. ಏನು ಕಿವಿಗೆ ತಗಲುತ್ತದೋ ತಗಲಲಿ. ಎರಡನೆಯ ಸಲ ಹಾಡುವ ದನಿಯನ್ನು ಬದಿಗಿಟ್ಟು ಬೇಸ್ (ತಗ್ಗು ಸ್ವರದ ಗಿಟಾರ್) ಮತ್ತು ಡ್ರಮ್ಸ್ ಮಾತ್ರ ಹಿಡಿದು ಹೋಗಿ. ಪಂಕ್ ಬ್ಯಾಂಡ್ ಒಳ್ಳೆಯದಾ ಅಲ್ವಾ ಅನ್ನುವುದು ಬಹಳ ಸಲ ಅಲ್ಲೇ ಗೊತ್ತಾಗುತ್ತದೆ. ವೇಗ ಯಾರು ಬೇಕಾದರೂ ಮಾಡಬಹುದು. ಆ ವೇಗದಲ್ಲಿ ಇಬ್ಬರೂ ಒಟ್ಟಿಗೆ ಕಾಲಿಡುವುದು ಕಷ್ಟ. ಮೂರನೆಯ ಸಲ ಸಾಹಿತ್ಯ ಎದುರಿಗೆ ಇಟ್ಟುಕೊಂಡು ಕೇಳಿ.

ಈಗ ಮೂರು ನಾಲ್ಕು ದಿನ ಅದನ್ನು ಮುಟ್ಟಬೇಡಿ. ಆ ದಿನಗಳಲ್ಲಿ ಯಾವುದಾದರೂ ಹಾಡು ತಾನಾಗಿ ತಲೆಗೆ ಬಂದರೆ, ಅದು ಯಾವುದು ಅಂತ ಗಮನಿಸಿ. ನನ್ನ ಅನುಭವದಲ್ಲಿ ಅದು ಮೊದಲ ಸಲ ಇಷ್ಟವಾದ ಹಾಡು ಆಗಿರುವುದು ಕಡಿಮೆ.

ವೈರ್ ಬ್ಯಾಂಡಿನ 1977ರ ಪಿಂಕ್ ಫ್ಲ್ಯಾಗ್ ಆಲ್ಬಂ ಮೊದಲ ಸಲ ಕೇಳಿದಾಗ ನನಗೆ ಅದು ಅರ್ಧಕ್ಕೆ ಬಿಟ್ಟ ಕೆಲಸದ ಹಾಗೆ ಅನ್ನಿಸಿತ್ತು. 35 ನಿಮಿಷದ ಸುಮಾರಿಗೆ 21 ಹಾಡು. ಕೆಲವು ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದುಹೋಗುತ್ತವೆ. ಹೇಳಬೇಕಾದ್ದು ಮುಗಿದ ತಕ್ಷಣ ಅವರು ನಿಲ್ಲಿಸುತ್ತಿದ್ದರು ಅಂತ ನನಗೆ ತಿಳಿದದ್ದು ಮೂರನೆಯ ಸಲ. ಒಂದೇ ಸಲಕ್ಕೆ ಬಿಟ್ಟಿದ್ದರೆ ನನ್ನ ಅತಿ ಇಷ್ಟದ ಆಲ್ಬಂ ಕೈ ತಪ್ಪುತ್ತಿತ್ತು.

ರೆಕಾರ್ಡಿಂಗ್ ಕೆಟ್ಟದಾಗಿ ಕೇಳಿಸುತ್ತದೆ. ಅದು ತಪ್ಪಾ, ಬೇಕಂತಲೇ ಮಾಡಿದ್ದಾ?

ಈ ಪ್ರಶ್ನೆ ನನಗೆ ತುಂಬ ಇಷ್ಟ. ಯಾಕಂದರೆ ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ಕೆಟ್ಟ ರೆಕಾರ್ಡಿಂಗ್ ಅನ್ನುವ ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತೇವೆ.

ಒಂದು, ಕೈಯಲ್ಲಿ ಇದ್ದದ್ದೇ ಅಷ್ಟು. 1979ರಲ್ಲಿ ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್ (ಬೇರೆ ಬೇರೆ ಸದ್ದಿನ ಪದರ) ರೆಕಾರ್ಡ್ ಮಾಡುವ ಪೋರ್ಟಾಸ್ಟುಡಿಯೋ ಯಂತ್ರ ಬಂದ ಮೇಲೆ ಮಲಗುವ ಕೋಣೆಯೂ ಸ್ಟುಡಿಯೋ ಆಯಿತು. ನಾಲ್ಕೇ ಟ್ರ್ಯಾಕ್ ಇದ್ದಾಗ ಏನನ್ನು ಬಿಡಬೇಕು ಅಂತ ಮೊದಲೇ ಯೋಚಿಸಬೇಕು. ಟೇಪಿನ ಹಿಸ್ ಸದ್ದು ಇರುತ್ತದೆ. ಆದರೆ ಹಾಡಿನಲ್ಲಿ ಬೇಡದ್ದು ಏನೂ ಇರುವುದಿಲ್ಲ. ಗೈಡೆಡ್ ಬೈ ವಾಯ್ಸಸ್ ಬ್ಯಾಂಡ್ 1994ರಲ್ಲಿ ತಂದ ಬೀ ಥೌಸಂಡ್ ಆಲ್ಬಂ ಕೇಳಿದರೆ ಇದು ಗೊತ್ತಾಗುತ್ತದೆ.

ಎರಡು, ಬೇಕಂತಲೇ ಆರಿಸಿಕೊಂಡದ್ದು. ಬ್ಯಾಂಡ್‌ಗಳ ಆಲ್ಬಂ ರೆಕಾರ್ಡ್ ಮಾಡಿಕೊಡುತ್ತಿದ್ದ ಸ್ಟೀವ್ ಆಲ್ಬಿನಿ ತಮ್ಮನ್ನು ಪ್ರೊಡ್ಯೂಸರ್ ಅಂತ ಕರೆಸಿಕೊಳ್ಳಲು ಒಪ್ಪುತ್ತಿರಲಿಲ್ಲ. ರೆಕಾರ್ಡ್ ಮಾಡಿದವರು ಅಂತ ಹಾಕಿದರೆ ಸಾಕು ಅನ್ನುತ್ತಿದ್ದರು. ರಾಯಲ್ಟಿ (ಮಾರಾಟದ ಹಣದಲ್ಲಿ ಪಾಲು) ತೆಗೆದುಕೊಳ್ಳುತ್ತಿರಲಿಲ್ಲ. ಕೆಲಸಕ್ಕೆ ಒಂದು ಸಂಬಳ, ಅಷ್ಟೇ. 2024ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಅವರು ಹಾಗೇ ನಡೆದರು. ಅವರ ರೆಕಾರ್ಡಿಂಗ್‌ಗಳಲ್ಲಿ ಡ್ರಮ್ಸ್ ಸುತ್ತ ಕೋಣೆಯೇ ಕೇಳಿಸುತ್ತದೆ, ದನಿ ಗಿಟಾರಿನ ನಡುವೆ ಹೂತಿರುತ್ತದೆ. ಪಿಕ್ಸೀಸ್ ಬ್ಯಾಂಡಿನ 1988ರ ಸರ್ಫರ್ ರೋಸಾ, ಪಿ.ಜೆ. ಹಾರ್ವಿ ಅವರ 1993ರ ರಿಡ್ ಆಫ್ ಮಿ ಎರಡೂ ಹಾಗೇ. ಒರಟು ಅನ್ನಿಸಬಹುದು. ಆದರೆ ಅಲ್ಲಿ ಪ್ರತಿ ವಾದ್ಯ ಎಲ್ಲಿ ನಿಂತಿದೆ ಅಂತ ಬೆರಳು ಮಾಡಿ ತೋರಿಸಬಹುದು.

ಮೂರು, ನಿಜವಾದ ತಪ್ಪು. ಬೇಸ್ ಮತ್ತು ಕಿಕ್ ಡ್ರಮ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಒಂದರೊಳಗೊಂದು ಕಲಸಿಹೋಗಿದ್ದರೆ, ಎಲ್ಲವೂ ಒಂದೇ ಜೋರಿನಲ್ಲಿದ್ದು ಹತ್ತು ನಿಮಿಷಕ್ಕೆ ಕಿವಿ ದಣಿದರೆ, ಬ್ಯಾಂಡ್ ಎಷ್ಟೇ ಒಳ್ಳೆಯದಿದ್ದರೂ ಅದು ಕೆಟ್ಟ ಮಿಕ್ಸ್ (ವಾದ್ಯಗಳನ್ನು ಬೆರೆಸುವ ಹದ) ಅಥವಾ ಅತಿಯಾಗಿ ಒತ್ತಿದ ಮಾಸ್ಟರಿಂಗ್ (ಕೊನೆಯಲ್ಲಿ ಇಡೀ ಆಲ್ಬಂನ ಸದ್ದು ಹದ ಮಾಡುವ ಕೆಲಸ).

ಗುರುತಿಸುವುದು ಹೇಗೆ? ಸದ್ದು ಹಾಡಿಗೆ ಏನಾದರೂ ಕೊಡುತ್ತಿದೆಯಾ, ಇಲ್ಲ ಹಾಡಿನಿಂದ ಕಿತ್ತುಕೊಳ್ಳುತ್ತಿದೆಯಾ ಅಂತ ಕೇಳಿ. ಅಗ್ಗ ಅನ್ನುವುದು ಉತ್ತರ ಅಲ್ಲ. ಪಂಕ್ ಬ್ಯಾಂಡ್ ರಮೋನ್ಸ್ 1976ರ ಮೊದಲ ಆಲ್ಬಂ ಮುಗಿಸಿದ್ದು ಸುಮಾರು 6,400 ಡಾಲರಿನಲ್ಲಿ. ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಕಿವಿಯಲ್ಲಿ ಕೇಳಿ ನೋಡಿ. ಒಂದು ಬದಿಯಲ್ಲಿ ಬೇಸ್, ಇನ್ನೊಂದು ಬದಿಯಲ್ಲಿ ಗಿಟಾರ್, ನಡುವೆ ಡ್ರಮ್ಸ್ ಮತ್ತು ದನಿ. ಎಷ್ಟು ಯೋಚಿಸಿ ಇಟ್ಟಿದ್ದಾರೆ!

ಇನ್ನೊಂದು ಮಾತು. ಎರಡು ಆಲ್ಬಂ ಹೋಲಿಸುವಾಗ ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಜೋರಾಗಿ ಇರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ.

ಹಾಡುವವರಿಗೆ ಶ್ರುತಿಯೇ ಇಲ್ಲ. ಅದನ್ನು ಹೇಗೆ ಸಹಿಸುವುದು?

ಸಹಿಸಬೇಡಿ, ಆ ದನಿ ಏನು ಮಾಡುತ್ತಿದೆ ಅಂತ ನೋಡಿ. ಎಕ್ಸ್-ರೇ ಸ್ಪೆಕ್ಸ್ ಬ್ಯಾಂಡಿನ ಪಾಲಿ ಸ್ಟೈರೀನ್ ಅವರ ದನಿ ಸೈರನ್ ಹಾಗೆ ಏರುತ್ತದೆ. ಪಕ್ಕದಲ್ಲಿ ಸ್ಯಾಕ್ಸೋಫೋನ್ ಅದರ ಜೊತೆ ಜಗಳಕ್ಕೆ ನಿಂತ ಹಾಗಿರುತ್ತದೆ. ಅದೇ ಹಾಡನ್ನು ನಯವಾದ ದನಿಯಲ್ಲಿ ಊಹಿಸಿಕೊಳ್ಳಿ. ಹಾಡು ಉಳಿಯುತ್ತದಾ? ಇಲ್ಲ ಅಂದರೆ ಆ ದನಿ ಸರಿಯಾಗಿದೆ. ಉಳಿಯುವುದಷ್ಟೇ ಅಲ್ಲ, ಇನ್ನೂ ಚೆನ್ನಾಗಿರುತ್ತಿತ್ತು ಅನ್ನಿಸಿದರೆ ನಿಮ್ಮ ದೂರು ನ್ಯಾಯವಾದದ್ದೇ.

ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತವೆ.

ಮೊದಲ ಸಲ ಹಾಗೇ ಆಗುತ್ತದೆ. ಸದ್ದು ಹೊಸದಾಗಿದ್ದಾಗ ಕಿವಿ ಸದ್ದನ್ನಷ್ಟೇ ಹಿಡಿಯುತ್ತದೆ. ಒಳಗಿನ ವ್ಯತ್ಯಾಸ ಆಮೇಲೆ ಕಾಣುತ್ತದೆ. ಮೂರನೆಯ ಸಲವೂ ಹಾಗೇ ಅನ್ನಿಸಿದರೆ ಅದು ಆಲ್ಬಂನ ದೋಷ.

ಇಪ್ಪತ್ತೇ ನಿಮಿಷದ್ದನ್ನು ಆಲ್ಬಂ ಅನ್ನಬಹುದಾ?

ಅನ್ನಬಹುದು. ಪಂಕ್‌ನ ಇನ್ನೂ ವೇಗದ, ಕೂಗಿನ ಕವಲಾದ ಹಾರ್ಡ್‌ಕೋರ್‌ನಲ್ಲಿ ಅದು ಮಾಮೂಲು. ರಮೋನ್ಸ್ ಆಲ್ಬಂನಲ್ಲೇ 14 ಹಾಡು, 29 ನಿಮಿಷ. ಇನ್ನೊಂದು ತುದಿಗೆ 1984ರಲ್ಲಿ ಹಸ್ಕರ್ ಡೂ, ಮಿನಿಟ್‌ಮೆನ್ ಎರಡೂ ಬ್ಯಾಂಡ್ ಡಬಲ್ ಆಲ್ಬಂ (ಎರಡು ತಟ್ಟೆಯದ್ದು) ತಂದವು. ಎರಡೂ ಒಂದೇ ಲೇಬಲ್ಲಿನವು. ಅಳತೆ ನಿಮಿಷದ್ದಲ್ಲ. ಒಂದು ಹಾಡು ತೆಗೆದರೆ ಕೊರತೆ ಕಾಣುತ್ತದಾ ಅಂತ ನೋಡಿ.

ಹಾಡುಗಳ ಕ್ರಮಕ್ಕೆ ಅಷ್ಟು ಬೆಲೆ ಯಾಕೆ?

ಕ್ರಮವೂ ಬ್ಯಾಂಡ್ ಮಾಡಿದ ತೀರ್ಮಾನವೇ, ಒಂದು ಸ್ವರ ಆರಿಸಿದ ಹಾಗೆ. ವೈನಲ್ ತಟ್ಟೆಗಳ ಕಾಲದಲ್ಲಿ ಇದಕ್ಕೆ ಒಂದು ತಾಂತ್ರಿಕ ಕಾರಣವೂ ಇತ್ತು. 12 ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು 20 ನಿಮಿಷ ಹಿಡಿಸಿದರೆ ಸದ್ದು ಚೆನ್ನಾಗಿರುತ್ತದೆ. ಸೂಜಿ ಒಳಗೆ ಹೋದಂತೆ ಸುತ್ತು ಚಿಕ್ಕದಾಗುತ್ತದೆ, ಸದ್ದು ಸ್ವಲ್ಪ ಸವೆಯುತ್ತದೆ. ಅದಕ್ಕೇ ಜೋರಿನ ಹಾಡು ಬದಿಯ ಮೊದಲಿಗೆ, ಮೆಲುದನಿಯದ್ದು ಕೊನೆಗೆ ಇಡುವ ರೂಢಿ ಬಂತು. ಹೊಸ ಆಲ್ಬಂಗಳಲ್ಲೂ ಈ ನೆರಳು ಇದೆ. ನಡುವೆ ಒಂದು ಕಡೆ ಹೊಸದಾಗಿ ಬಾಗಿಲು ತೆರೆದ ಹಾಗೆ ಅನ್ನಿಸಿದರೆ, ಅದು ಎರಡನೆಯ ಬದಿಯ ಶುರು ಅಂತ ತಿಳಿಯಿರಿ.

ಹಳೆಯ ಬ್ಯಾಂಡೊಂದರ ನಕಲು ಅನ್ನಿಸಿದರೆ?

ಮೂಲವನ್ನು ಮೊದಲು ಕೇಳಿ. ಬಹಳ ಸಲ ನಕಲು ಅಂತ ಹೇಳುವವರು ಮೂಲ ಕೇಳಿರುವುದಿಲ್ಲ. ಇಲಾಸ್ಟಿಕಾ ಬ್ಯಾಂಡ್ 1994ರಲ್ಲಿ ತಂದ ಒಂದು ಹಾಡಿನ ಗಿಟಾರ್, ವೈರ್ ಬ್ಯಾಂಡಿನ ಹಾಡಿನದ್ದೇ ಅನ್ನುವಷ್ಟು ಹತ್ತಿರ ಇತ್ತು. ವಿಷಯ ಕೋರ್ಟಿನ ಹೊರಗೆ ರಾಜಿಯಲ್ಲಿ ಮುಗಿಯಿತು. ಎರಡನ್ನೂ ಪಕ್ಕ ಪಕ್ಕ ಕೇಳಿದರೆ ಎರಡೂ ಬೇಕು ಅನ್ನಿಸುತ್ತದೆ ನನಗೆ. ವೈರ್ ಅವರದ್ದು ಒಣಗಿದ ಕಡ್ಡಿಯ ಹಾಗೆ ಗಡುಸು, ಇಲಾಸ್ಟಿಕಾ ಅವರದ್ದು ಬೀದಿಯಲ್ಲಿ ಎದೆಯೆತ್ತಿ ನಡೆದ ಹಾಗೆ. ಎರವಲು ಪಡೆದ ವಿಷಯ ಬೇರೆ, ಹಾಡಿನ ವಿಷಯ ಬೇರೆ. ಎರಡನ್ನೂ ಹೇಳಿ, ಬೆರೆಸಬೇಡಿ.

ದೊಡ್ಡ ಲೇಬಲ್ ಸೇರಿದ ಬ್ಯಾಂಡ್ ಕೆಟ್ಟಿತು ಅಂತಾರಲ್ಲ?

ಜಾಬ್ರೇಕರ್ ಅನ್ನುವ ಬ್ಯಾಂಡ್ 1995ರಲ್ಲಿ ದೊಡ್ಡ ಕಂಪನಿಯ ಲೇಬಲ್ಲಿನಲ್ಲಿ ಡಿಯರ್ ಯು ತಂದಿತು. ಸದ್ದು ನಯವಾಗಿತ್ತು, ದನಿಯ ಒರಟು ಕಡಿಮೆಯಾಗಿತ್ತು. ಹಳೆಯ ಅಭಿಮಾನಿಗಳು ಬೆನ್ನು ತಿರುಗಿಸಿದರು. ಮರುವರ್ಷ ಬ್ಯಾಂಡ್ ಒಡೆಯಿತು. ವರ್ಷಗಳು ಕಳೆದ ಮೇಲೆ ಅದೇ ಆಲ್ಬಂ ಜನರ ಮನಸ್ಸಿಗೆ ಹತ್ತಿರವಾಯಿತು, ಮರುಮುದ್ರಣವಾಯಿತು, 2017ರಲ್ಲಿ ಬ್ಯಾಂಡ್ ಮತ್ತೆ ವೇದಿಕೆಗೆ ಬಂತು. ಆ ಹಾಡುಗಳು 1995ರಲ್ಲೂ ಅವೇ ಆಗಿದ್ದವು. ಜನ ಒಪ್ಪಂದವನ್ನು ಕೇಳಿದರು, ಹಾಡನ್ನು ಕೇಳಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಹಾಗಂತ ಲೇಬಲ್ ಲೆಕ್ಕಕ್ಕೇ ಇಲ್ಲ ಅಂತಲ್ಲ. ಒಪ್ಪಂದ ಬ್ಯಾಂಡಿನ ಬದುಕನ್ನು ಬದಲಿಸುತ್ತದೆ. ಆದರೆ ಆಲ್ಬಂ ತೂಗುವಾಗ ಕಿವಿಗೆ ಬಿದ್ದದ್ದನ್ನೇ ತೂಗಿ.

ವಿಮರ್ಶೆ ಯಾವಾಗ ಓದಬೇಕು? ಅಂಕ ನಂಬಬಹುದಾ?

ಮೂರು ಸಲ ಕೇಳಿದ ಮೇಲೆ ಓದಿ. ಅಂಕ ಬಿಡಿ, ವಾಕ್ಯ ನೋಡಿ. ನಾಲ್ಕನೆಯ ಹಾಡಿನಲ್ಲಿ ಡ್ರಮ್ಸ್ ನಿಂತುಹೋದಾಗ ಬೇಸ್ ಒಂದೇ ಉಳಿಯುತ್ತದೆ ಅಂತ ಬರೆದವರು ಕೇಳಿದ್ದಾರೆ. ಬ್ಯಾಂಡ್ ಪ್ರಬುದ್ಧವಾಗಿದೆ ಅಂತ ಬರೆದವರು ಬಹುಶಃ ಲೇಬಲ್ ಕಳಿಸಿದ ಪ್ರಕಟಣೆ ಓದಿದ್ದಾರೆ.

ಕೇಳಿದ್ದಕ್ಕೆ ಬ್ಯಾಂಡಿಗೆ ಹಣ ಹೋಗುತ್ತದಾ?

ಸ್ಟ್ರೀಮಿಂಗಿನಲ್ಲಿ ತೀರಾ ಕಡಿಮೆ. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಅದರ ರೆಕಾರ್ಡಿಂಗ್ ರಾಯಲ್ಟಿ ಲೆಕ್ಕಕ್ಕೇ ಬರುವುದಿಲ್ಲ. ಹೊಸ ಸಣ್ಣ ಬ್ಯಾಂಡ್‌ಗಳಿಗೆ ಇದು ನೇರ ಪೆಟ್ಟು. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ 15 ಶೇಕಡಾ, ವಸ್ತುಗಳ ಮಾರಾಟದಲ್ಲಿ 10 ಶೇಕಡಾ ಇಟ್ಟುಕೊಳ್ಳುತ್ತದೆ. ಪಾವತಿಯ ಶುಲ್ಕ ಬೇರೆ, ಉಳಿದದ್ದು ಬ್ಯಾಂಡಿಗೆ ಅಥವಾ ಲೇಬಲ್ಲಿಗೆ. 2020ರ ಮಾರ್ಚ್ 20ರಿಂದ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ ತನ್ನ ಪಾಲನ್ನೂ ಅದು ಬಿಟ್ಟುಕೊಡುತ್ತದೆ. ಒಂದು ಆಲ್ಬಂ ಐದನೆಯ ಸಲ ಹಾಕಿಕೊಂಡೆ ಅಂದರೆ ನಾನು ಅದನ್ನು ಕೊಂಡುಬಿಡುತ್ತೇನೆ. ಬ್ಯಾಂಡ್ ಮುಂದಿನ ಆಲ್ಬಂ ಮಾಡಲಿ ಅನ್ನುವ ಸ್ವಾರ್ಥವೂ ಅದರಲ್ಲಿ ಇದೆ.

ವೈನಲ್ಲೇ ಕೊಳ್ಳಬೇಕಾ?

ಬೇಕಿಲ್ಲ. ಕೇಳುವ ಸಾಧನ ಇದ್ದರೆ, ಕವರ್ ಕೈಯಲ್ಲಿ ಹಿಡಿಯುವ ಆಸೆ ಇದ್ದರೆ ಕೊಳ್ಳಿ.

ಸಾಹಿತ್ಯ ಅರ್ಥವಾಗದಿದ್ದರೆ ಆಲ್ಬಂ ತೂಗಬಹುದಾ?

ಅರ್ಧ ತೂಗಬಹುದು. ಹಾರ್ಡ್‌ಕೋರ್‌ನಲ್ಲಿ ಕೂಗಿದ್ದು ಏನು ಅಂತ ಮೊದಲ ಸಲಕ್ಕೆ ಯಾರಿಗೂ ತಿಳಿಯುವುದಿಲ್ಲ, ಅದಕ್ಕೇ ಬಹಳ ಬ್ಯಾಂಡ್‌ಗಳು ಸಾಹಿತ್ಯದ ಹಾಳೆ ಜೊತೆಗೆ ಇಡುತ್ತವೆ. ಅದನ್ನು ಓದದೆ ಬ್ಯಾಂಡ್ ಬರೀ ಕೋಪ ಮಾಡುತ್ತಿದೆ ಅಂತ ಬರೆಯಬೇಡಿ. ಯಾರ ಮೇಲೆ, ಯಾಕೆ ಅನ್ನುವುದು ಆ ಹಾಳೆಯಲ್ಲಿ ಇದೆ.

ಕೇಳಿದ್ದನ್ನು ಬರೆದಿಡಬೇಕು ಅನ್ನಿಸುತ್ತದೆ. ಏನು ಬರೆಯಲಿ?

ಒಂದು ನೋಟ್‌ಬುಕ್ ಸಾಕು. ಆಲ್ಬಂಗೆ ಒಂದು ಪುಟ. ಮೇಲೆ ಬ್ಯಾಂಡ್, ಲೇಬಲ್, ಊರು, ರೆಕಾರ್ಡ್ ಮಾಡಿದವರು, ಮಾಸ್ಟರಿಂಗ್ ಮಾಡಿದವರು, ಮತ್ತು ಈ ಆಲ್ಬಂ ನಿಮಗೆ ಯಾರಿಂದ ಸಿಕ್ಕಿತು. ವರ್ಷ ಕಳೆದ ಮೇಲೆ ಪುಟ ತಿರುಗಿಸಿದರೆ ಒಂದೇ ಹೆಸರು ನಾಲ್ಕು ಕಡೆ ಕಾಣುತ್ತದೆ. ನಿಮ್ಮ ಮುಂದಿನ ಹುಡುಕಾಟ ಅಲ್ಲಿಂದ ಶುರು.

ಕೆಳಗೆ ಪ್ರತಿ ಸಲ ಕೇಳಿದ ದಿನಾಂಕ ಹಾಕಿ ಎರಡೇ ಸಾಲು. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಬೇಡ. ಎಷ್ಟನೇ ಹಾಡು, ಎಷ್ಟನೇ ನಿಮಿಷ, ಅಲ್ಲಿ ಏನಾಯಿತು ಅಂತ ಬರೆಯಿರಿ. ಆರು ತಿಂಗಳು ಬಿಟ್ಟು ಮತ್ತೆ ಕೇಳಿ, ಅದೇ ಪುಟಕ್ಕೆ ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಹಳೆಯ ಸಾಲು ತಪ್ಪು ಅನ್ನಿಸಿದರೂ ಹೊಡೆದು ಹಾಕಬೇಡಿ.